ಕೆನ್ನೆಯ ಮೇಲಿನ ಲೋಗೋ

ನವೆಂಬರ್ ೯, ಭಾನುವಾರ. ಬೆಳಿಗ್ಗೆ ಆರು ನಲವತ್ತಕ್ಕೆ ಇದನ್ನು ಬರೆಯಲು ಕೂತಿದ್ದೇನೆ. ಫೋಟೋ ತೆಗೆಯುವವರಿಗೆ ಕೆಲಸವಿಲ್ಲದ ಭಾನುವಾರ ಸಿಗುವುದೇ ಅಪರೂಪ. ಸಿಕ್ಕಾಗ ಅದನ್ನು ಏನು ಮಾಡಬೇಕೆಂದು ತಿಳಿಯುವುದಿಲ್ಲ.

ಮೊದಲು ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ನಾನು ತೆಗೆದು ಇನ್‌ಸ್ಟಾಗ್ರಾಮಿಗೆ ಹಾಕಿದ ಫೋಟೋಗಳಿಗೆ ನಾನೇ ಮೂರು ಫೋನಿನಿಂದ ಹಾರ್ಟು ಒತ್ತುತ್ತೇನೆ. ಒಂದು ನನ್ನ ಫೋನು, ಒಂದು ಅಮ್ಮನದು, ಇನ್ನೊಂದು ಸೋದರತ್ತೆಯದು. ಅಮ್ಮನಿಗೆ ಇದು ಈಗಲೂ ಗೊತ್ತಿಲ್ಲ. ಅತ್ತೆಗೆ ಮಾತ್ರ ಹೇಗೋ ಗೊತ್ತಾಗಿ ಒಂದು ದಿನ ಕೇಳಿದರು: "ನನ್ ಫೋನಿಂದ ಯಾವ್ದೋ ಮದ್ವೆ ಗಂಡಿಗೆ ಆರ್ಟು ಕೊಟ್ಟಿದ್ದೀಯಂತಲ್ಲಮ್ಮಿ. ನಿಮ್ಮಾವ ನೋಡಿದ್ರೆ ನಾನೇನಂತ ಏಳ್ಲಿ?" ಅತ್ತೆಯ ಬಾಯಲ್ಲಿ ಹಾರ್ಟು ಆರ್ಟಾಗುತ್ತದೆ. ಕೊಟ್ಟದ್ದು ಕಲೆಯನ್ನೇ ಅಲ್ಲವೇ ಎಂದು ನಾನು ಸಮಾಧಾನ ಮಾಡಿಕೊಂಡೆ.

ಅತ್ತೆಯನ್ನು ಎದುರು ಹಾಕಿಕೊಳ್ಳುವ ಹಾಗಿರಲಿಲ್ಲ. ಮಳವಳ್ಳಿಯಲ್ಲಿ ನನ್ನ 'ಹೊಂಬೆಳಕು ಸ್ಟುಡಿಯೋ' ಇರುವುದು ಅವರ ಮನೆಯ ಕೆಳಗಿನ ಬೀದಿಬದಿಯ ಕೋಣೆಯಲ್ಲಿ. ಅದಕ್ಕೂ ಮುಂಚೆ ನಾನು ಮಂಡ್ಯದ ಒಂದು ಸ್ಟುಡಿಯೋದಲ್ಲಿ ಕಂಪ್ಯೂಟರ್ ಮುಂದೆ ಕೂತು, ಬೇರೆಯವರು ತೆಗೆದ ಫೋಟೋಗಳಲ್ಲಿ ಬೇರೆಯವರ ಮುಖವನ್ನು ಬೆಳ್ಳಗೆ ಮಾಡುತ್ತಿದ್ದೆ. ಕಬ್ಬಿನ ಗದ್ದೆಯಲ್ಲಿ ಬೆಳೆದ ಗಂಡುಮಕ್ಕಳೆಲ್ಲ ನನ್ನ ಕೈ ದಾಟಿದ ಮೇಲೆ ಮೈದಾ ಹಿಟ್ಟಿನಲ್ಲಿ ಬಿದ್ದೆದ್ದವರಂತೆ ಕಾಣುತ್ತಿದ್ದರು. ಅದು ಸಾಕಾಗಿ, ಇರುವ ಬಣ್ಣದಲ್ಲಿಯೇ ಜನರನ್ನು ತೋರಿಸುತ್ತೇನೆಂದು ಹಟ ಹಿಡಿದು ಬಂದು ಅಂಗಡಿ ತೆರೆದೆ. ಅವರವರ ಬಣ್ಣದಲ್ಲಿ ತಮ್ಮನ್ನು ನೋಡಿಕೊಳ್ಳಲು ಜನರೇನೂ ಸಾಲುಗಟ್ಟಲಿಲ್ಲ. ಗೌರಿ ಹಬ್ಬಕ್ಕೆ ಮುಂಚೆ ಅತ್ತೆ ಮೆಟ್ಟಿಲಿಳಿದು ಬಂದು ಹೇಳಿದರು.

"ಒಬ್ಬ ಟೈಲರ್ ರೂಮ್ ಕೇಳ್ತಾವ್ನೆ. ದೀಪಾವಳಿಗಂಟ ನೋಡ್ತೀನಿ ಕಣಮ್ಮಿ. ಅಷ್ಟ್ರೊಳ್ಗೆ ನಿನ್ ಅಂಗ್ಡೀಗೆ ಜನ ಬಂದ್ರೆ ಸರಿ. ಬರ್ನಿಲ್ವಾ, ಕ್ಯಾಮ್ರಾ ಎತ್ಕೊಂಡು ಮಂಡ್ಯಕ್ಕೇ ಓಗು."

ಮಂಡ್ಯ ಒಳ್ಳೆಯ ಊರು. ಆದರೆ ಆ ಕಂಪ್ಯೂಟರು, ಆ ಕುರ್ಚಿ, ಆ ಮೈದಾ ಹಿಟ್ಟು ನೆನಪಾಗಿ ನನಗೆ ಅಂದು ಊಟ ಸೇರಲಿಲ್ಲ.

ಹೀಗಾಗಿ ನಾನು ಪ್ರಚಾರಕ್ಕೆ ಇಳಿದೆ. ಯಾವ ಕೆಲಸವನ್ನಾದರೂ ಡೈರಿಯಲ್ಲಿ ಗೀಟು ಹಾಕಿಕೊಂಡೇ ಶುರುಮಾಡುವುದು ನನ್ನ ಅಭ್ಯಾಸ. ತಾರೀಖು, ಹಾಕಿದ ಫೋಟೋ, ಹೊತ್ತು, ಹಾರ್ಟು ಒತ್ತಿದವರು, ಅಂಗಡಿಗೆ ಬಂದವರು. ನಾಲ್ಕನೆಯ ಕಾಲಂ ತುಂಬಿ ಪಕ್ಕದ ಅಂಚಿಗೆ ಹರಿಯುತ್ತಿತ್ತು. ಐದನೆಯದರಲ್ಲಿ ಪಾಸ್‌ಪೋರ್ಟ್ ಸೈಜಿನ ಫೋಟೋಕ್ಕೆ ಬಂದ ಮಕ್ಕಳು ಮಾತ್ರ. ಫೋನಿನಲ್ಲಿ ನೋಡಿದ ಪಾಠದಲ್ಲಿ ಒಬ್ಬ ಮೇಷ್ಟರು, ಸಂಜೆ ಏಳಕ್ಕೆ ಜನ ಬಿಡುವಾಗಿರುತ್ತಾರೆ, ಆಗ ಫೋಟೋ ಹಾಕಿ ಎಂದಿದ್ದರು. ಆ ಮೇಷ್ಟರು ಹಸು ಸಾಕಿದವರಲ್ಲ. ನಮ್ಮ ಕಡೆ ಆ ಹೊತ್ತಿಗೆ ಡೇರಿಯಿಂದ ಬಂದು ಕ್ಯಾನು ತೊಳೆದು, ಒಲೆಯ ಮೇಲೆ ಮುದ್ದೆಗೆ ಎಸರಿಟ್ಟಿರುತ್ತಾರೆ. ನಮ್ಮವರು ಫೋನು ನೋಡುವುದು ಬೆಳಿಗ್ಗೆ, ಡೇರಿಗೆ ಹಾಲು ಹಾಕಿ ಬಂದು ಕಾಫಿ ಲೋಟ ಹಿಡಿದಾಗ. ಅದೂ ಇನ್‌ಸ್ಟಾಗ್ರಾಮಲ್ಲ, ವಾಟ್ಸಾಪ್ ಸ್ಟೇಟಸ್ಸು. ನೆಂಟರಿಷ್ಟರ ಸ್ಟೇಟಸ್ಸಿನಲ್ಲಿ ಕಾಣಿಸಿಕೊಳ್ಳದ ಸ್ಟುಡಿಯೋ ಈ ತಾಲ್ಲೂಕಿನಲ್ಲಿ ಇಲ್ಲದ ಸ್ಟುಡಿಯೋ ಎಂಬುದು ನನಗೆ ಡೈರಿ ಮತ್ತು ಡೇರಿ ಎರಡೂ ಸೇರಿ ಕಲಿಸಿದ ಪಾಠ.

ಸ್ಟೇಟಸ್ಸಿನಲ್ಲಿ ನಮ್ಮ ಗುರುತು ಉಳಿಯಬೇಕಾದರೆ ಫೋಟೋದ ಮೂಲೆಯಲ್ಲಿ ಲೋಗೋ ಇರಬೇಕು. ಅದನ್ನು ಮಾಡಿಕೊಟ್ಟವನು ಸಾದಿಕ್. ಕಾಲೇಜಿನಲ್ಲಿ ಜೊತೆಗೆ ಓದಿದವನು, ಮದ್ದೂರಿನಲ್ಲಿ ನಂಬರ್ ಪ್ಲೇಟು, ಸ್ಟಿಕರ್ ಅಂಗಡಿ ಇಟ್ಟಿದ್ದಾನೆ. ಕಪ್ಪು ಲೆನ್ಸಿನ ಒಳಗೆ ಹೊಂಬಣ್ಣದ ಬೆಳಕು ಹೊಳೆಯಬೇಕು ಎಂದು ನಾನು ಕೇಳಿದ್ದೆ. ಅವನು ಹಾಗೆಯೇ ಮಾಡಿದ. ಆದರೆ ಫೋಟೋದ ಮೂಲೆಗೆ ಹೊಂದುವಷ್ಟು ಚಿಕ್ಕದಾಗಿಸಿದಾಗ ಬೆಳಕು ಮಾಯವಾಗಿ, ದುಂಡನೆಯ ಒಂದು ಕಪ್ಪು ಚುಕ್ಕೆ ಮಾತ್ರ ಉಳಿಯಿತು.

"ಬೆಳಕೆಲ್ಲೋ ಸಾದಿಕ್?" ಎಂದೆ.

"ಒಳ್ಗಡೆ ಐತೆ ಕಣೆ. ಜೂಮ್ ಮಾಡು."

"ಅಷ್ಟು ಜೂಮ್ ಮಾಡಿ ನೋಡೋರು ಯಾರೋ?"

"ಪೊಲೀಸ್ನೋರು ನೋಡ್ತಾರೆ. ಕಳ್ರ ಫೋಟೋ ತಗಿ, ನಿನ್ ಎಸ್ರು ಚೆನ್ನಾಗಿ ಕಾಣ್ತದೆ."

ಚುಕ್ಕೆ ಕಂಡರೂ ಸಾಕಿತ್ತು. ಜನ ಅದನ್ನೂ ಉಳಿಸಲಿಲ್ಲ. ಸ್ಟೇಟಸ್ಸಿಗೆ ಹಾಕುವ ಮುಂಚೆ ಮೂಲೆಯನ್ನು ಕತ್ತರಿಸಿ ಹಾಕುವುದು ಇಲ್ಲಿ ಉಗುರು ಕತ್ತರಿಸಿದಷ್ಟು ಸಹಜ. ಒಬ್ಬಳು ಮದುವೆ ಹೆಣ್ಣಂತೂ ನನ್ನ ಚುಕ್ಕೆ ತೆಗೆಯುವ ಭರದಲ್ಲಿ ಗಂಡನ ಒಂದು ಭುಜವನ್ನೂ ತೆಗೆದು ಹಾಕಿದ್ದಳು. ಅವನು ಅದಕ್ಕೂ ಹಾರ್ಟು ಒತ್ತಿದ್ದ.

ಆಗ ಪೂರಿಗಾಲಿಯಿಂದ ನಾಮಕರಣದ ಕೆಲಸ ಬಂತು. ಕರೆದವಳು ರಮ್ಯ, ಮಗುವಿನ ತಾಯಿ. ಮನೆಯ ಹಿರಿಯರು ಅವಳ ಗಂಡನ ಅಜ್ಜಿ ಕೆಂಪಮ್ಮ. ಶಾಸ್ತ್ರಕ್ಕೆಂದು ಮಗುವನ್ನು ಮೊರದಲ್ಲಿ ಮಲಗಿಸಿದ್ದರು. ಅಜ್ಜಿಯ ಎರಡು ಕೈಗಳು ಮೊರದ ಅಂಚು ಹಿಡಿದಿದ್ದವು, ಕಿಟಕಿಯಿಂದ ಬಿಸಿಲು ಓರೆಯಾಗಿ ಬಿದ್ದಿತ್ತು. ಮಗು ಲೋಕವನ್ನೇ ನುಂಗುವ ಹಾಗೆ ಆಕಳಿಸಿತು. ನಾನು ಕ್ಲಿಕ್ ಮಾಡಿದೆ. ಅಂಥ ಫೋಟೋ ನನ್ನ ಕೈಗೆ ಅಲ್ಲಿಯವರೆಗೆ ಸಿಕ್ಕಿರಲಿಲ್ಲ. ಇದೊಂದನ್ನು ಜನ ನೋಡಿದರೆ ಟೈಲರ್ ಬೇರೆ ಕೋಣೆ ಹುಡುಕಿಕೊಳ್ಳುತ್ತಾನೆ ಎಂದು ಅಲ್ಲೇ ನಿಂತು ಲೆಕ್ಕ ಹಾಕಿದೆ.

ರಮ್ಯ ಒಪ್ಪಿದಳು. ಅಜ್ಜಿ ಒಪ್ಪಲಿಲ್ಲ.

"ಫೋಟೋ ತಕ್ಕೋ, ನಂದೇನೂ ಅಡ್ಡಿಲ್ಲ. ಊರ್ಗೆಲ್ಲ ತೋರಿಸ್ಬ್ಯಾಡ."

"ಇದೊಂದೇ ಅಜ್ಜಿ. ನೋಡ್ದೋರು ಚೆನ್ನಾಗೈತೆ ಅಂತಾರೆ, ಅಷ್ಟೆ."

"ಅದ್ಕೇ ಕಣಮ್ಮಿ ಬ್ಯಾಡ ಅನ್ನಾದು. ಚೆನ್ನಾಗಿಲ್ಲ ಅನ್ನೋರ್ ಕಣ್ಣು ತಾಕ್ತದಾ? ಚೆನ್ನಾಗೈತೆ ಅನ್ನೋರ್ದೇ ತಾಕಾದು."

ಬಸ್ಸಿನಲ್ಲಿ ಹಿಂದಿರುಗುವಾಗ ಈ ಮಾತು ತಲೆಯಲ್ಲಿ ಕೂತಿತು. ನನ್ನ ಕಸುಬೆಲ್ಲ ಜನರ ಕಣ್ಣು ಬೀಳಿಸುವುದು. ಅಜ್ಜಿಯ ಕಸುಬು ಅದನ್ನು ತಪ್ಪಿಸುವುದು. ಬ್ರಾಂಡ್ ಎಂಬ ಇಂಗ್ಲಿಷ್ ಪದಕ್ಕೆ ಹಿಂದೆ ಸುಡುವುದು ಎಂಬ ಅರ್ಥವಿತ್ತಂತೆ. ದನದ ಮೈಗೆ ಕಾದ ಕಬ್ಬಿಣ ಒತ್ತಿ, ಇದು ನನ್ನದು ಎಂದು ಸಾರುವ ಬರೆ. ನಮ್ಮವರು ಬರೆಗಿಂತ ಹೆಚ್ಚಾಗಿ ನಂಬಿದ್ದು ದೃಷ್ಟಿಬೊಟ್ಟನ್ನು. ಬರೆ 'ನೋಡು' ಎನ್ನುತ್ತದೆ, ಬೊಟ್ಟು 'ನೋಡಬೇಡ' ಎನ್ನುತ್ತದೆ. ಆದರೆ ಬಸ್ಸಿನ ಕಿಟಕಿಯಿಂದ ನೋಡಿದರೆ, ದಾರಿಯುದ್ದಕ್ಕೂ ಮೊದಲು ಕಣ್ಣಿಗೆ ಬಿದ್ದವೆಲ್ಲ ಕಣ್ಣು ಬೀಳದಿರಲೆಂದು ಕಟ್ಟಿದವೇ. ಹೊಸ ಮನೆಯ ಮುಂದೆ ನಾಲಿಗೆ ಚಾಚಿದ ರಾಕ್ಷಸನ ಮುಖ, ತೊಂಡೆ ಚಪ್ಪರದ ಮುಂದೆ ಸುಣ್ಣ ಬಳಿದ ಮಡಕೆ, ಲಾರಿಯ ಹಿಂದೆ ತೂಗುವ ಹಳೇ ಚಪ್ಪಲಿ. ಮನೆಯ ಬಣ್ಣ ನನಗೆ ನೆನಪಿಲ್ಲ, ರಾಕ್ಷಸನ ಹಲ್ಲು ಈಗಲೂ ನೆನಪಿದೆ. ಇಷ್ಟೆಲ್ಲ ಯೋಚಿಸಿದರೂ ಮುಂದಿನ ಹೆಜ್ಜೆ ನನಗೆ ಹೊಳೆಯಲಿಲ್ಲ. ಹೊಳೆದದ್ದು ಅಜ್ಜಿಗೇ.

ಆಲ್ಬಮ್ ಕೊಡಲು ಮತ್ತೆ ಪೂರಿಗಾಲಿಗೆ ಹೋಗಿದ್ದೆ. ಇನ್ನೊಮ್ಮೆ ಕೇಳೋಣವೆಂದು, ಮೂಲೆಯಲ್ಲಿ ಲೋಗೋ ಇದ್ದ ಆಕಳಿಕೆಯ ಫೋಟೋವನ್ನು ಫೋನಿನಲ್ಲಿ ತೋರಿಸಿದೆ. ಅಜ್ಜಿ ಫೋನನ್ನು ಮಾರುದ್ದ ದೂರ ಹಿಡಿದು ನೋಡಿದರು.

"ಈ ಬೊಟ್ಟು ಯಾರಿಕ್ಕಿದ್ದು?"

"ಅದು ಬೊಟ್ಟಲ್ಲಜ್ಜಿ. ನಮ್ ಸ್ಟುಡಿಯೋ ಗುರುತು."

"ಏನಾರ ಆಗ್ಲಿ. ಕರ್ರಗೈತಲ್ಲ. ಮೂಲೇಲಿಕ್ಕಿದ್ರೆ ಮಗೀಗೇನ್ ಬಂತು? ಕೆನ್ನೆ ಮೇಲಿಕ್ಕು. ಆಮ್ಯಾಲೆ ಯಾರ್ಗಾರ ತೋರಿಸ್ಕೋ ಓಗು."

ರಮ್ಯ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಪಾಠದ ಮೇಷ್ಟರು ಲೋಗೋವನ್ನು ಮುಖದ ಮೇಲೆ ಮಾತ್ರ ಯಾವ ಕಾರಣಕ್ಕೂ ಇಡಬಾರದು ಎಂದಿದ್ದರು. ನಾನು ಅಲ್ಲೇ ಜಗಲಿಯ ಮೇಲೆ ಕೂತು ಚುಕ್ಕೆಯನ್ನು ಎಳೆದೆ. "ಬಲ್ಗೆನ್ನೆ" ಎಂದರು ಅಜ್ಜಿ. ಬಲಗಡೆಗಿಟ್ಟೆ. ಮಗುವಿಗೆ ಅದು ಹುಟ್ಟಿದಾಗಿನಿಂದ ಇದ್ದಂತೆ ಒಪ್ಪಿತು. ಮಾರನೆಯ ಬೆಳಿಗ್ಗೆ, ಡೇರಿಯ ಹೊತ್ತು ಮುಗಿಯುತ್ತಿದ್ದಂತೆ, ರಮ್ಯ ಅದನ್ನು ಸ್ಟೇಟಸ್ಸಿಗೆ ಹಾಕಿದಳು.

ಆ ಫೋಟೋ ನೆಂಟರಿಂದ ನೆಂಟರಿಗೆ ಹರಿಯಿತು. ಎಷ್ಟು ಜನರ ಸ್ಟೇಟಸ್ಸಿನಲ್ಲಿದೆ ಎಂದು ಡೈರಿಯಲ್ಲಿ ಬರೆಯಲು ಕೂತವಳು ಮಧ್ಯಾಹ್ನದ ಹೊತ್ತಿಗೆ ಕೈಬಿಟ್ಟೆ. ವಿಶೇಷವೆಂದರೆ ಒಬ್ಬರೂ ನನ್ನ ಲೋಗೋವನ್ನು ಕತ್ತರಿಸಿರಲಿಲ್ಲ. ಮೂಲೆಯನ್ನು ಕತ್ತರಿಸಬಹುದು, ಮಗುವಿನ ಕೆನ್ನೆಯ ಬೊಟ್ಟನ್ನು ಅಳಿಸುವ ಧೈರ್ಯ ಯಾರಿಗಿದೆ?

ಸಂಜೆ ಅಜ್ಜಿಯದೇ ಫೋನು.

"ಯಾವ್ ಕೆನ್ನೇಗಿಕ್ಕಿದ್ದೀಯೆ?"

"ಬಲಗೆನ್ನೆಗೇ ಅಜ್ಜಿ."

"ಎದ್ರುಗೆ ಕಂಡಾಗ ಬಲ. ಮಗೀಗೆ ಎಡ ಆಯ್ತಲ್ಲಮ್ಮಿ."

ವರ್ಷಗಟ್ಟಲೆ ಫೋಟೋದ ಬಲವನ್ನೇ ಬಲವೆಂದು ತಿಳಿದವಳು ನಾನು. ಫೋಟೋದಲ್ಲಿರುವವರಿಗೂ ತಮ್ಮದೇ ಒಂದು ಬಲವಿರುತ್ತದೆ ಎಂಬುದು ಮರೆತೇಹೋಗಿತ್ತು. ಎಲ್ಲರಿಗೂ ಅಳಿಸಿ ಅಂತ ಹೇಳಿಸಲಾ ಎಂದು ತೊದಲಿದೆ.

"ತಡಿ. ಕಣ್ಣು ಬರಾದು ನೋಡೋರ್ ಕಡೆಯಿಂದ. ನೋಡೋರ್ಗೆ ಅದು ಬಲವೇ. ಅಂಗಾರೆ ಸರಿಯಾಗೈತಾ?" ಎಂದು ನನ್ನನ್ನೇ ಕೇಳಿದರು.

"ಎರಡೂ ಕಡೆ ಇಟ್ಟುಬಿಡ್ಲಾ ಅಜ್ಜಿ?"

"ಬ್ಯಾಡ ಬುಡು. ಮಗಾ ಚಿರ್ತೆ ಆದಂಗಾಯ್ತದೆ."

ಪ್ರಶ್ನೆ ಅಲ್ಲಿಗೇ ನಿಂತಿತು. ರಮ್ಯಳಿಂದ ನನ್ನ ನಂಬರು ಪಡೆದವರ ಫೋನುಗಳು ನಿಲ್ಲಲಿಲ್ಲ. "ಬೊಟ್ಟಿನ ಸ್ಟುಡಿಯೋನಾ?" ಎಂದು ಶುರುವಾಗುತ್ತಿದ್ದವು. ಮೊದಲ ಎರಡು ಸಲ "ಅಲ್ಲ, ಹೊಂಬೆಳಕು" ಎಂದೆ. ಆಮೇಲೆ ಬುದ್ಧಿ ಬಂತು. ಬ್ಲಫ್ ಎಂಬ ಪಕ್ಕದ ಊರಿನಿಂದ ಒಬ್ಬರು ನಿವೃತ್ತರು ತಾವು ಹೊಸದಾಗಿ ಕಟ್ಟಿದ ಮನೆಯ ಫೋಟೋ ತೆಗೆಸಿ, ಬಾಗಿಲ ಮೇಲೆ ಬೊಟ್ಟಿಡಿಸಿಕೊಂಡರು. ಮದ್ದೂರಿನಿಂದ ಅವಳಿ ಮಕ್ಕಳ ತಾಯಿ ಬಂದಳು. ಬಂಡೂರಿನ ಒಬ್ಬರು ಟಗರನ್ನು ಟೆಂಪೋದಲ್ಲಿ ಅಂಗಡಿಗೇ ಕರೆತಂದು, "ಕೆನ್ನೆ ಸಿಕ್ನಿಲ್ಲ ಅಂದ್ರೆ ಅಣೆಗೇ ಇಕ್ಕಮ್ಮ, ನಮ್ದೇನೂ ತಕರಾರಿಲ್ಲ" ಎಂದರು. ಟಗರಿನದೂ ತಕರಾರಿರಲಿಲ್ಲ. ನನ್ನ ಕರ್ಟನ್ನಿನ ಅಂಚು ತಿನ್ನುತ್ತಾ ಗಂಭೀರವಾಗಿ ನಿಂತಿತ್ತು. ಯಾರೂ ಮುಖ ಬೆಳ್ಳಗೆ ಮಾಡು ಎನ್ನಲಿಲ್ಲ. ಕಪ್ಪು ಚುಕ್ಕೆಯೊಂದನ್ನು ಕಾಸು ಕೊಟ್ಟು ಇಡಿಸಿಕೊಳ್ಳುವ ಜನರ ನಡುವೆ ಮೈದಾ ಹಿಟ್ಟಿಗೆ ಕೆಲಸವಿರಲಿಲ್ಲ. ಸಾದಿಕ್‌ಗೆ ಸುದ್ದಿ ಹೇಳಿದಾಗ, "ನಾನ್ ಬೇಕೂಂತ್ಲೇ ಅಂಗೆ ಮಾಡಿದ್ದು ಕಣೆ" ಎಂದ.

ದೀಪಾವಳಿಗೆ ಎರಡು ದಿನವಿತ್ತು. ಅತ್ತೆ ಮೆಟ್ಟಿಲಿಳಿದು ಬಂದರು. ನಾನು ಕ್ಯಾಮೆರಾ ಒರೆಸುತ್ತಾ ಕಾದೆ.

"ಟೈಲರ್ ಬಂದಿದ್ದ, ರೂಮಿನ್ ಅಳತೆ ತಕ್ಕೊಳಾಕೆ," ಎಂದರು.

"ಏನಂದ?"

"ಟೇಪ್ ಇಡ್ಯಕ್ಕೆ ಜಾಗ ಎಲ್ಲೈತೆ? ಒಳ್ಗಡೆ ಟಗರು, ಒರ್ಗಡೆ ಅವಳಿ ಮಕ್ಳು. ಬಾಗ್ಲಲ್ಲೇ ನಿಂತು ನೋಡ್ದ, ನೋಡ್ದ, ಓದ. ಬ್ಯಾರೆ ಕಡೆ ನೋಡ್ಕೋ ಅಂದೆ."

ಥ್ಯಾಂಕ್ಸ್ ಎಂದರೆ ಅತ್ತೆಗೆ ಬೈದಂತಾಗುತ್ತದೆ. ಒರೆಸಿದ ಕ್ಯಾಮೆರಾವನ್ನೇ ಇನ್ನೊಮ್ಮೆ ಒರೆಸಿದೆ. ಅತ್ತೆ ಎರಡು ಮೆಟ್ಟಿಲು ಹತ್ತಿ ಹಿಂದಿರುಗಿ ನೋಡಿದರು. "ಅಂಗೆ ನಿಂತು ನೋಡ್ದ ಅಂದ್ನಲ್ಲ, ಅದು ಒಳ್ಳೇದಲ್ಲ ಕಣಮ್ಮಿ. ನಿಂದೂ ಒಂದು ಫೋಟೋ ತಕ್ಕೊಂಡು ಬೊಟ್ಟಿಕ್ಬುಡು."

ತೆಗೆದುಕೊಂಡೆ. ಅಂಗಡಿಯ ಬಾಗಿಲಲ್ಲಿ ನಿಂತು, ಫೋನಿನಲ್ಲೇ ಒಂದು ಸೆಲ್ಫಿ. ಆದರೆ ಸೆಲ್ಫಿಯ ಸಮಸ್ಯೆ ಆಕಳಿಕೆಯ ಫೋಟೋದ ಸಮಸ್ಯೆಗಿಂತ ದೊಡ್ಡದು. ತೆಗೆಯುವಾಗ ಫೋನು ಕನ್ನಡಿಯಂತೆ ಎಡಬಲ ಅದಲುಬದಲು ಮಾಡಿ ತೋರಿಸುತ್ತದೆ, ಉಳಿಸುವಾಗ ಮತ್ತೆ ತಿರುಗಿಸುತ್ತದೆ. ಇಲ್ಲಿ ನೋಡುವವಳೂ ನಾನೇ, ನೋಡಿಸಿಕೊಳ್ಳುವವಳೂ ನಾನೇ. ಯಾರ ಬಲವನ್ನು ನಂಬಬೇಕು? ಕೆಂಪಮ್ಮಜ್ಜಿಗೆ ಫೋನ್ ಮಾಡಿದರೆ ಅವರು ಅಕ್ಕಪಕ್ಕದ ಮನೆಗಳಲ್ಲೂ ವಿಚಾರಿಸುತ್ತಿದ್ದಾರಂತೆ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಸರಿಬಂದಿಲ್ಲ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಬೊಟ್ಟು ಇಡುವ ಕಡೆ ಯಾವುದು, ಫೋಟೋದಲ್ಲಿ ಅದನ್ನು ಯಾರ ಕಡೆಯಿಂದ ಲೆಕ್ಕ ಹಾಕಬೇಕು ಎಂದು ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಬೇಗ ತಿಳಿಸಿದರೆ ಒಳ್ಳೆಯದು. ಟೈಲರಿಗೆ ಬೇರೆ ಕಡೆ ಕೋಣೆ ಸಿಕ್ಕಿದೆ, ಸರಿಯಾಗಿ ನಮ್ಮೆದುರಿಗೇ. ದಿನಾ ಬೆಳಿಗ್ಗೆ ಅವನು ಇತ್ತ ನೋಡಿಕೊಂಡೇ ಬಾಗಿಲು ತೆಗೆಯುತ್ತಾನೆ.