ನೆರಿಡಾಳ ಬಟಾಣಿ

ಸ್ಟಾನ್‌ಥಾರ್ಪ್ ಕಡೆ ಸೇಬು ಬೆಳೆಯುವವರು ಆಲಿಕಲ್ಲನ್ನು ಅಳೆಯುವುದು ಬಾಯಿಮಾತಿನಲ್ಲೇ. ಬಟಾಣಿಯಷ್ಟು ಎಂದರೆ ನೆಮ್ಮದಿ, ಗೋಲಿಯಷ್ಟು ಎಂದರೆ ಕಳವಳ, ಗಾಲ್ಫ್ ಚೆಂಡಿನಷ್ಟು ಎಂದರೆ ಆ ವರ್ಷದ ಬೆಳೆ ಮುಗಿಯಿತು. ನಾನು ಹಣ್ಣು ವಿಂಗಡಿಸುವ ಕೆಲಸಕ್ಕೆ ಹೋಗುತ್ತಿದ್ದ ತೋಟದ ಒಡತಿ ನೆರಿಡಾ ಜನಾಟಾ ಮಾತ್ರ ಯಾವಾಗಲೂ ಬಟಾಣಿಯಷ್ಟೇ ಎನ್ನುತ್ತಿದ್ದಳು.

ಅದಕ್ಕೆ ಕಾರಣವಿತ್ತು. ಮದುವೆಯಾದ ಹೊಸದರಲ್ಲಿ ಒಂದು ಮಧ್ಯಾಹ್ನ ಇಡೀ ತೋಟ ಆಲಿಕಲ್ಲಿಗೆ ಉದುರಿಹೋಗಿತ್ತು. ಗಂಡ ಬ್ರೂನೊ ಯಾರಿಗೂ ಹೇಳದೆ ಮನೆಯಿಂದ ನಡೆದುಹೋದ. ಮೂರನೆಯ ದಿನ ಅವನು ಸಿಕ್ಕಿದ್ದು ರಾಜ್ಯದ ಗಡಿಯಾಚೆಯ ಊರಿನಲ್ಲಿ. ಆಮೇಲೆ ತಿಂಗಳುಗಟ್ಟಲೆ ಮಾತಿಲ್ಲದೆ ಮಲಗಿದ. ಅಂದಿನಿಂದ ಮೋಡ ಗುಡುಗಿದರೆ ನೆರಿಡಾ ತಾನೇ ಅಂಗಳಕ್ಕಿಳಿದು, ತಲೆಯ ಮೇಲೆ ಬಕೆಟ್ ಬೋರಲು ಹಾಕಿಕೊಂಡು, ಬಾಗಿಲ ಕಡೆ ತಿರುಗಿ ಬಟಾಣಿಯಷ್ಟೇ ಎಂದು ಕೂಗುತ್ತಿದ್ದಳು. ಬ್ರೂನೊ ಒಳಗೇ ಕುಳಿತು ಹೂಂ ಎನ್ನುತ್ತಿದ್ದ.

ಒಂದು ಜನವರಿಯಲ್ಲಿ, ಕೊಯ್ಲು ನಡೆಯುತ್ತಿದ್ದಾಗ, ಅವಳಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ತೊಳೆದ ಪೆಟ್ಟಿಗೆಗಳನ್ನೇ ಮತ್ತೆ ತೊಳೆದಳು. ಒಲೆಯ ಮೇಲಿಟ್ಟ ಜಾಮ್ ಸೀದು ಹೋಯಿತು. ಏನಾಗಿದೆ ಎಂದು ನಾನು ಪೀಡಿಸಿದಾಗ ಕಂಕುಳಲ್ಲೊಂದು ಗಂಟು ಎಂದಳು. ಡಾಕ್ಟರ ಬಳಿ ಹೋಗು ಎಂದರೆ, ಕೊಯ್ಲು ಮುಗಿಯಲಿ ಎಂದಳು.

ಕೊನೆಗೆ ಒಂದು ಸಂಜೆ ಊಟದ ನಡುವೆ, ಉಪ್ಪು ಕೇಳುವಷ್ಟೇ ಸಲೀಸಾಗಿ ಗಂಡನಿಗೂ ಹೇಳಿದಳಂತೆ. ಅವನು ಮುಳ್ಳುಚಮಚ ಕೆಳಗಿಟ್ಟ.

"ಎಷ್ಟ್ ದಪ್ಪ ಇದೆ?"

"ಬಟಾಣಿಯಷ್ಟು, ಅಷ್ಟೇ."

"ನೆರಿ, ನಿನ್ ಬಟಾಣಿ ನಂಗೊತ್ತಿಲ್ವಾ? ಪ್ರತಿ ಸಲ ನೀನು ಏಳೋಕ್ ಮುಂಚೆ ಮರದಡಿ ಹೋಗಿ ಉದುರಿದ್ ಹಣ್ಣು ನೋಡ್ಕೊಂಡ್ ಬರ್ತಿದ್ದೆ."

"ಮತ್ತೆ ಯಾಕ್ ಸುಮ್ನಿದ್ದೆ?"

"ನೀನು ಅಷ್ಟ್ ಕಷ್ಟಪಟ್ಟು ಹೇಳ್ತಿದ್ಯಲ್ಲ. ಈಗ ತೋರ್ಸು."

ಗಂಟು ಅಕ್ರೋಟಿನಷ್ಟಿತ್ತು. ಮುಟ್ಟಿ ನೋಡಿದವನು ಎದ್ದು ಹೊರಗೆ ಹೋದ. ಮತ್ತೆ ಹಾಗೆಯೇ ಹೊರಟುಹೋದನೇ ಎಂದು ಅವಳು ಬಾಗಿಲಿಗೆ ಓಡಿದಳು. ಅಷ್ಟರಲ್ಲಿ ಗಾಡಿಯಿಂದ ಸೇಬಿನ ಪೆಟ್ಟಿಗೆಗಳನ್ನು ದಡದಡ ಇಳಿಸುವ ಸದ್ದು ಕೇಳಿತು. ಅದೇ ರಾತ್ರಿ ಆ ಗಾಡಿಯಲ್ಲೇ ಹೋಗಿ ಸೇರಿದ ವಾರ್ವಿಕ್ ಆಸ್ಪತ್ರೆಯಲ್ಲಿ, ಗಂಟು ಎಷ್ಟು ದಪ್ಪ ಎಂದು ಡಾಕ್ಟರು ಕೇಳಿದಾಗ ಅವಳು ಬಾಯಿ ತೆರೆಯುವ ಮೊದಲೇ ಬ್ರೂನೊ ಉತ್ತರ ಕೊಟ್ಟ.

ಬ್ರಿಸ್ಬೇನ್‌ನಲ್ಲಿ ಎದೆಯ ಒಂದು ಭಾಗವನ್ನೂ ಕಂಕುಳ ಗಂಟುಗಳನ್ನೂ ತೆಗೆದರು. ಔಷಧಿಯ ತಿಂಗಳುಗಳಲ್ಲಿ ಕೂದಲು ಉದುರಿತು, ಆದರೆ ಓಡಾಟ ನಿಲ್ಲಲಿಲ್ಲ. ಸಲೈನ್ ಕಂಬವನ್ನು ಎಳೆದುಕೊಂಡು ವಾರ್ಡೆಲ್ಲ ಸುತ್ತುತ್ತಾಳೆಂದು ನರ್ಸುಗಳು ದೂರಿದರು. ಇತ್ತ ಕೊಯ್ಲನ್ನು ಬ್ರೂನೊ ಒಬ್ಬನೇ ನಿಂತು ಮಾಡಿಸಿದ. ನಮ್ಮನ್ನೆಲ್ಲ ಗದರಿದ, ಆಮೇಲೆ ತಾನೇ ಚಹಾ ಮಾಡಿ ಕೊಟ್ಟ.

ಮರುವರ್ಷ ಅವಳ ಬಲಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ಆದರೂ ಒಂದು ಬೆಳಿಗ್ಗೆ ಏಣಿ ಹತ್ತಿ ಎಡಗೈಯಲ್ಲೇ ಕೀಳತೊಡಗಿದಳು. ಬ್ರೂನೊ ಕೆಳಗೆ ಏಣಿ ಹಿಡಿದು ನಿಂತು, ಇಳಿಯೇ, ಇಳಿಯೇ ಎಂದು ಗೊಣಗುತ್ತಲೇ ಇದ್ದ. ಅವಳು ಒಂದೊಂದೇ ಹಣ್ಣು ಕಿತ್ತು ಅವನ ಕೈಗೆ ಕೊಡುತ್ತ ಹೋದಳು.