ಅಕ್ಕಾರ ಜಾಗಾ

ಬೆಳಗಾವಿಯ ಕಚೇರಿಗೆ ಘಟಪ್ರಭಾದಿಂದ ವರ್ಷಗಟ್ಟಲೆ ರೈಲಿನಲ್ಲೇ ಹೋಗಿಬರುತ್ತಿದ್ದ ನಾನು, ಕಾರು ಕೊಂಡಾಗ ಗೆದ್ದೆನೆಂದುಕೊಂಡಿದ್ದೆ. ಆದರೆ ಕಾರಿನಲ್ಲಿ ರೊಟ್ಟಿ ಹಂಚಿಕೊಳ್ಳಲು ಯಾರೂ ಇರುವುದಿಲ್ಲ. ಮಹಿಳಾ ಬೋಗಿಯ ನಮ್ಮ ಗುಂಪು ದಾರಿಯುದ್ದಕ್ಕೂ ನೆನಪಾಗುತ್ತಿತ್ತು.

ಕಾರು ಗ್ಯಾರೇಜಿಗೆ ಹೋದ ದಿನ ಮತ್ತೆ ರೈಲು ಹತ್ತಿದೆ. ಗುಂಪಿನವರು ಯಾರೂ ಕಾಣಲಿಲ್ಲ. ಕಿಟಕಿಯ ಬಳಿಯ ನನ್ನ ಹಳೆಯ ಜಾಗದಲ್ಲಿ ಕರವಸ್ತ್ರವೊಂದು ಹಾಸಿತ್ತು.

“ಅಲ್ಲಿ ಕುಂದರಬ್ಯಾಡ್ರಿ ಬಾಯಾರ, ಅದು ಅಕ್ಕಾರ ಜಾಗಾ,” ಎಂದಳು ಎದುರಿಗಿದ್ದ ಅಪರಿಚಿತ ಯುವತಿ. “ನಮ್ಮವರೆಲ್ಲಾ ಇವತ್ತ ಮದಿವಿಗೆ ಹೋಗ್ಯಾರ. ಜಾಗಾ ಹಿಡಿಯೋ ಕೆಲಸಾ ನನಗ ಹಚ್ಯಾರ.”

“ಯಾವ ಅಕ್ಕಾರು?”

“ನಾ ನೋಡಿಲ್ರಿ. ಕಾರ್ ತಗೊಂಡಾರಂತ. ಆದ್ರೂ ಒಂದಿನಾ ಬಂದ ಬರ್ತಾರಂತ. ಅವರ ಕೈಯಾನ ಲಿಂಬಿ ಉಪ್ಪಿನಕಾಯಿ ತಿಂದವರಿಗೆ ನೆಗಡಿನೂ ಬರತಿರಲಿಲ್ಲಂತ.”

“ನೀವು ನಂಬ್ತೀರೇನು?”

“ಇಷ್ಟ ಮಂದಿ ಹೇಳ್ತಾರಂದ್ರ ಖರೇನ ಇರಬೇಕಲ್ರಿ.”

ದಂತಕಥೆಗಳ ಮೂಲ ಕೆದಕುವುದು ನನ್ನ ಸ್ವಭಾವ. ಇದರ ಮೂಲವಂತೂ ನನಗೆ ಚೆನ್ನಾಗಿ ಗೊತ್ತಿತ್ತು: ಆ ಉಪ್ಪಿನಕಾಯಿಯನ್ನು ನಾನು ಗೋಕಾಕದ ಅಂಗಡಿಯೊಂದರಿಂದ ತರುತ್ತಿದ್ದೆ. ಅದನ್ನು ಹೇಳಲಾಗದೆ, ಕರವಸ್ತ್ರದ ಪಕ್ಕದಲ್ಲಿ ನಿಂತೇ ಬೆಳಗಾವಿ ತಲುಪಿದೆ.

ಸಂಜೆ ಗ್ಯಾರೇಜಿನವರು ಕಾರು ಸಿದ್ಧವಾಗಿದೆಯೆಂದು ಫೋನ್ ಮಾಡಿದಾಗ ಅವಸರವಿಲ್ಲವೆಂದೆ. ಆಗ ನಾನು ಮಾರುಕಟ್ಟೆಯಲ್ಲಿ ಉಪ್ಪಿನಕಾಯಿಗೆ ನಿಂಬೆಹಣ್ಣು ಆರಿಸುತ್ತಿದ್ದೆ.