ಅತ್ತೆ ಒರೆಸಿದ ಸೀಟು

ಆ ದಿನ ಮಾಡಿದ ಕೆಲಸಗಳು ಇಷ್ಟು. ಬೆಳಿಗ್ಗೆ ಉಡುಪಿ ಹತ್ತಿರದ ಚಿಕ್ಕಮ್ಮನ ಮನೆಯಲ್ಲಿ ಎದ್ದು ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ಅವರ ತಲೆ ಬಾಚಿ ತುರುಬು ಕಟ್ಟಿದೆ. ಬಟ್ಟೆ ಮಡಚಿ ಚೀಲ ತುಂಬಿದೆ, ಒಂದು ಬಾಟಲಿ ಬಾವಿ ನೀರು ಹಿಡಿದುಕೊಂಡೆ. ಮಂಗಳೂರಿನಿಂದ ವಿಮಾನ ಹತ್ತಿ ಅವರನ್ನು ಮುಂಬಯಿಗೆ ಕರೆತಂದೆ. ಸಂಜೆ ಡೊಂಬಿವ್ಲಿಯ ಮನೆಯ ಬೀಗ ತೆಗೆದು, ಸ್ನಾನಕ್ಕೆ ನೀರು ಕಾಯಿಸಿ ಕೊಟ್ಟು, ಅವರು ಉಟ್ಟುಬಂದ ಒಂದೇ ಸೀರೆಯನ್ನು ಮೂರು ಸಲ ಒಗೆದೆ. ಮೂರನೆಯ ಸಲ ಒಗೆಯುವ ಅಗತ್ಯವಿರಲಿಲ್ಲ. ಅತ್ತೆ ಬಚ್ಚಲಿನ ಬಾಗಿಲಲ್ಲಿ ನಿಂತು, "ಇನ್ನೊಮ್ಮೆ ಹಾಕು" ಎಂದರು. ಹಾಕಿದೆ.

ಚಿಕ್ಕಮ್ಮ ಎಂದರೆ ಅತ್ತೆಯ ತಂಗಿ. ಒಡಹುಟ್ಟಿದವರಲ್ಲಿ ಉಳಿದದ್ದು ಇವರಿಬ್ಬರೇ. ಚಿಕ್ಕಮ್ಮನಿಗೆ ಪಾರ್ಶ್ವವಾಯು ಬಡಿದು ಒಂದು ಬದಿ ಬಿದ್ದುಹೋಗಿತ್ತು. ಅವರು ಡೊಂಬಿವ್ಲಿಗೆ ಬರುವ ಮಾತೇ ಇಲ್ಲ. ಅತ್ತೆ ಪ್ರತಿ ವರ್ಷ ಬಸ್ಸಿನಲ್ಲಿ ಹೋಗಿ ಒಂದು ತಿಂಗಳು ಇದ್ದು ಬರುತ್ತಿದ್ದರು. ಆ ವರ್ಷ ಹೋದವರ ಮೊಣಕಾಲು ಹೇಗೆ ಊದಿಕೊಂಡಿತೆಂದರೆ, ರಾತ್ರಿಯಿಡೀ ಕಾಲು ಇಳಿಬಿಟ್ಟು ಕೂರುವುದು ಇನ್ನು ಸಾಧ್ಯವೇ ಇಲ್ಲ ಎಂದಾಯಿತು. ಆಗ ಅಗ್ಗದ ವಿಮಾನಗಳು ಹೊಸದಾಗಿ ಬಂದಿದ್ದವು. ಕರೆತರಲು ಹೋದ ನಾನು ಅಕ್ಕತಂಗಿಯರ ಒಪ್ಪಂದವನ್ನು ಕಿವಿಯಾರೆ ಕೇಳಿದೆ.

"ಈ ಸಲ ವಿಮಾನದಲ್ಲಿ ಹೋಗಿ ನೋಡ್ತೇನೆ. ಸಲೀಸಾದ್ರೆ ಮತ್ತೆ ಎಂತ ಚಿಂತೆ? ವರ್ಷಕ್ಕೆ ಎರಡು ಸಲ ಬರ್ತೇನೆ" ಎಂದರು ಅತ್ತೆ.

"ಸಲೀಸಾಗದೆ ಎಂತ? ರಾಣಿ ಹಾಗೆ ಹಾರಿ ಬಾ ಅಕ್ಕ. ನಾನು ಇಲ್ಲೇ ಇರ್ತೇನೆ, ಎಲ್ಲಿಗೂ ಓಡಿಹೋಗುದಿಲ್ಲ" ಎಂದು ಚಿಕ್ಕಮ್ಮ ಸೊಟ್ಟ ಬಾಯಲ್ಲಿ ನಕ್ಕರು.

ನಮ್ಮ ಡೊಂಬಿವ್ಲಿ ಕಡೆಯ ಹೆಂಗಸರಿಗೆ ಒಂದು ಅಭ್ಯಾಸವಿದೆ. ಯಾರೂ ಹೇಳಿಕೊಡುವುದಿಲ್ಲ, ಲೋಕಲ್ ಟ್ರೇನಿನಲ್ಲಿ ಓಡಾಡುತ್ತಾ ತಾನಾಗಿ ಬರುತ್ತದೆ. ಹೊರಗೆ ಹೊರಡುವ ದಿನ ಬೆಳಗಿನಿಂದ ನೀರು ಕುಡಿಯುವುದಿಲ್ಲ. ಸ್ಟೇಷನ್ನಿನ ಶೌಚಾಲಯಕ್ಕೆ ಕಾಲಿಡುವುದಕ್ಕಿಂತ ಬಾಯಿ ಒಣಗಿದರೆ ಒಣಗಲಿ ಎಂದು. ಅತ್ತೆಯಂತೂ ಊರಿನ ಬಸ್ಸು ಹತ್ತುವ ಹಿಂದಿನ ದಿನದಿಂದಲೇ ಶುರು ಮಾಡುತ್ತಿದ್ದರು. ಹೀಗೆ ಮಾಡಿ ಮಾಡಿಯೇ ಉರಿಮೂತ್ರ ಅಂಟಿಕೊಂಡದ್ದು. ನೀರು ಕುಡಿಯದಿದ್ದರೆ ಆಸ್ಪತ್ರೆಯಲ್ಲಿ ಮಲಗಿಸಬೇಕಾಗುತ್ತದೆ ಎಂದು ಡಾಕ್ಟರು ಗದರಿದ್ದರು.

ಹೊರಡುವ ಹಿಂದಿನ ಸಂಜೆ ನನ್ನ ಗಂಡ ಫೋನು ಮಾಡಿ ತಾಯಿಗೆ ಧೈರ್ಯ ಹೇಳಿದರು. ಬೇಲಾಪುರದ ಆಫೀಸಿನ ಖರ್ಚಿನಲ್ಲಿ ಒಂದೆರಡು ಸಲ ದೆಹಲಿಗೆ ಹಾರಿದ ಅನುಭವಸ್ಥರು. "ಅಮ್ಮ, ಅದು ಬಸ್ಸಲ್ಲ. ವಿಮಾನದ ಟಾಯ್ಲೆಟ್ ನಮ್ಮ ಮನೇದಕ್ಕಿಂತ ಕ್ಲೀನ್ ಉಂಟು. ಧಾರಾಳ ನೀರು ಕುಡಿ."

"ಮನೇದಕ್ಕಿಂತಲಾ? ನಿನ್ನ ಹೆಂಡತಿ ಇಲ್ಲೇ ನಿಂತಿದ್ದಾಳೆ, ಜಾಗ್ರತೆ" ಎಂದು ಅತ್ತೆ ನಕ್ಕರು. ಆದರೂ ಮಗನ ಮಾತು ನಂಬಿದರು.

ಏರ್‌ಪೋರ್ಟಿನ ತಪಾಸಣೆಯಲ್ಲಿ ಬಾಟಲಿ ಸಿಕ್ಕಿತು. ಸಮವಸ್ತ್ರದ ಹುಡುಗ ಮರ್ಯಾದೆಯಿಂದಲೇ ಹೇಳಿದ: "ಮಾತಾಜಿ, ಪಾನಿ ಅಂದರ್ ನಹೀ ಜಾಯೇಗಾ. ಪೀ ಲೋ, ಯಾ ಫೇಂಕ್ ದೋ."

"ಬಿಸಾಡುದಾ? ನನ್ನ ತಂಗಿ ಅಂಗಳದ ಬಾವಿ ನೀರು ಮಾರಾಯ!" ಎಂದು ಅತ್ತೆ ಅಲ್ಲೇ ನಿಂತು ಇಡೀ ಬಾಟಲಿ ಕುಡಿದರು. ಮೂರು ಸಲ ಉಸಿರು ತೆಗೆದುಕೊಂಡು, ಕೊನೆಯ ಹನಿಯವರೆಗೆ. ಹಿಂದಿನ ಸಾಲಿನವರು ನಗುತ್ತಿದ್ದರು. ನನಗೂ ನಗು ಬಂತು. ಡಾಕ್ಟರು ನೋಡಿದ್ದರೆ ಖುಷಿಪಡುತ್ತಿದ್ದರು ಎಂದುಕೊಂಡೆ.

ವಿಮಾನದ ಒಳಗೆ ಕಾಲಿಟ್ಟಾಗಲೇ ಮುಗ್ಗಲು ವಾಸನೆ, ಅದರ ಮೇಲೆ ಹೊಡೆದ ಸೆಂಟಿನ ವಾಸನೆ. ನಮ್ಮ ಸಾಲಿನ ಸೀಟುಗಳ ಹೊಲಿಗೆ ಬಿಟ್ಟು ಹಳದಿ ಸ್ಪಂಜು ಹೊರಗೆ ಇಣುಕುತ್ತಿತ್ತು. ಕೂರುವಲ್ಲಿ ಯಾವುದೋ ಕಾಲದ ಕಂದು ಕಲೆ. ಮುಂದಿನ ಜೇಬಿಗೆ ಕೈ ಹಾಕಿದರೆ ಶೇಂಗಾ ಸಿಪ್ಪೆ, ಅಗಿದ ಚೂಯಿಂಗ್ ಗಮ್ಮು, ಮಗುವಿನ ಮೂಗು ಒರೆಸಿದ ಕಾಗದ. ಊಟದ ಹಲಗೆಯ ಚಿಲಕ ಸವೆದು ಅದು ತಾನಾಗಿಯೇ ಅತ್ತೆಯ ಮೊಣಕಾಲ ಮೇಲೆ ಬೀಳುತ್ತಿತ್ತು. ಅದರ ಮೇಲೆ ಕಾಫಿಯ ಉಂಗುರಗಳು. ಕಿಟಕಿಯ ಅಂಚಿಗೆ ಬೆಳ್ಳಿ ಬಣ್ಣದ ಟೇಪು ಅಂಟಿಸಿದ್ದರು.

"ಇದು ನಮ್ಮ ಕಲ್ಯಾಣ್ ಬಸ್ಸಿನ ಅಣ್ಣನಾ ಮಾರಾಯ್ತಿ? ರೆಕ್ಕೆ ಒಂದು ಹೆಚ್ಚುಂಟು, ಅಷ್ಟೇ" ಎಂದರು ಅತ್ತೆ. ಆಗ ಇನ್ನೂ ತಮಾಷೆ ಮಾಡುವ ಮನಸ್ಸಿತ್ತು.

ಹಾರಿದ ಸ್ವಲ್ಪ ಹೊತ್ತಿಗೆ ಅತ್ತೆ ಎದ್ದರು. ಹಿಂದಿನ ಟಾಯ್ಲೆಟ್ಟಿನವರೆಗೆ ಕೈಹಿಡಿದು ನಡೆಸಿದೆ. ಬಾಗಿಲು ತೆರೆದರೆ ನೆಲವಿಡೀ ನೀರು, ನೀರೋ ಏನೋ. ಕಮೋಡಿನ ಮುಚ್ಚಳ ಮುರಿದು ಒಂದು ಬದಿ ಜೋತುಬಿದ್ದಿತ್ತು. ಹಿಂದಿನವರು ಮಾಡಿದ್ದು ಹಾಗೆಯೇ ಇತ್ತು. ಗುಂಡಿ ಒತ್ತಿದರೆ ಬರೀ ಸದ್ದು. ನಲ್ಲಿಯಲ್ಲಿ ಹನಿ ನೀರಿಲ್ಲ. ಅತ್ತೆ ಹೊಸ್ತಿಲಲ್ಲೇ ನಿಂತರು. ಸೀರೆಯ ನೆರಿಗೆ ಎತ್ತಿ ಹಿಡಿದು ಒಂದು ಕಾಲು ಒಳಗಿಟ್ಟವರು ತಿರುಗಿ ತೆಗೆದರು. "ಬೇಡ. ತಡೀತೇನೆ. ಇಳಿದ ಮೇಲೆ ನೋಡುವ."

ಮುಂದಿನದಕ್ಕಾದರೂ ಹೋಗೋಣವೆಂದರೆ ಆಹಾರದ ಗಾಡಿ ದಾರಿಗೆ ಅಡ್ಡ ಬಂತು. ಗಾಡಿ ಹೋಗುವಷ್ಟರಲ್ಲಿ ಬೆಲ್ಟಿನ ದೀಪ ಹೊತ್ತಿಕೊಂಡಿತು. ಮುಂಬಯಿಯಲ್ಲಿ ಇಳಿಯಲು ಜಾಗ ಸಿಗದೆ ವಿಮಾನ ಸುತ್ತು ಹಾಕತೊಡಗಿತು. ಕೆಳಗೆ ಕಡಲಿನ ಖಾಡಿ ಕಂಡಿತು, ಮರೆಯಾಯಿತು, ಮತ್ತೆ ಕಂಡಿತು. ಅತ್ತೆ ಕಣ್ಣು ಮುಚ್ಚಿ, ಮುಂದಿನ ಸೀಟಿನ ಬೆನ್ನಿಗೆ ಹಣೆ ಒತ್ತಿ ಕುಳಿತಿದ್ದರು. ಗಗನಸಖಿಯನ್ನು ಕರೆದು ಹೇಳಿದೆ. "ಸೀಟ್ ಬೆಲ್ಟ್ ಸೈನ್ ಆನ್ ಹೈ ಮ್ಯಾಮ್" ಎಂದು ಆಕೆ ಹೋದಳು. ಇಳಿದ ಮೇಲೂ ಬಾಗಿಲು ತೆರೆಯದೆ ಕಾಯಿಸಿದರು. ಆಗ ಅತ್ತೆ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದರು. ಆಮೇಲೆ ಆ ಹಿಡಿತ ಸಡಿಲವಾಯಿತು. ನನಗೆ ಗೊತ್ತಾಯಿತು.

ಎಲ್ಲರೂ ಇಳಿಯಲಿ ಎಂದು ನಾವು ಕುಳಿತೇ ಇದ್ದೆವು. ಆದರೆ ಅದೇ ಗಗನಸಖಿ ಬಂದು, ಇನ್ನೂ ಸಾಲಿನಲ್ಲಿ ನಿಂತಿದ್ದವರ ಮುಂದೆಯೇ ಸೀಟು ಒದ್ದೆ ಮಾಡಿದ್ದನ್ನು ಈಗ ಯಾರು ಸ್ವಚ್ಛ ಮಾಡುವುದೆಂದು ಗಟ್ಟಿಯಾಗಿ ಕೇಳಿದಳು: "ಅರೇ, ಸೀಟ್ ಗೀಲಾ ಕರ್ ದಿಯಾ? ಅಬ್ ಯೇ ಕೌನ್ ಸಾಫ್ ಕರೇಗಾ? ನೆಕ್ಸ್ಟ್ ಫ್ಲೈಟ್ ಹೈ ಹಮಾರಾ."

ನಾನು ಜಗಳಗಂಟಿಯಲ್ಲ. ಆದರೂ, "ಇಸ್ ಸೇ ಪೆಹೆಲೇ ಕಿಸ್ ನೇ ಸಾಫ್ ಕಿಯಾ ಥಾ?", ಇದಕ್ಕೆ ಮೊದಲು ಯಾರು ಸ್ವಚ್ಛ ಮಾಡಿದ್ದರು, ಎಂದು ಕೇಳಿದೆ. ಆ ಕಂದು ಕಲೆ, ಆ ಸ್ಪಂಜು, ಆ ಸಿಪ್ಪೆ, ಆ ಹೊಸ್ತಿಲು, ಯಾವುದಕ್ಕೂ ಯಾರನ್ನೂ ಕೇಳದವಳು ಎಪ್ಪತ್ತು ದಾಟಿದ ಹೆಂಗಸನ್ನು ಕೇಳುತ್ತಿದ್ದಳು.

ಅತ್ತೆ ನನ್ನ ಸೆರಗು ಎಳೆದರು. "ಸುಮ್ಮನಿರು ನೀನು." ಚೀಲದಿಂದ ಮೈ ಒರೆಸುವ ತಮ್ಮ ಬೈರಾಸು ತೆಗೆದು, ಬಗ್ಗಲಾಗದ ಮೊಣಕಾಲನ್ನು ಬಗ್ಗಿಸಿ, ಸೀಟನ್ನು ಒರೆಸತೊಡಗಿದರು. ನಾನು ಕೈ ಹಾಕಲು ಹೋದರೆ ಬಿಡಲಿಲ್ಲ. ಸೀಟು, ಅದರ ಅಂಚು, ಕೈ ಇಡುವ ಪಟ್ಟಿ, ಎಲ್ಲ ಒರೆಸಿದರು. ಗಗನಸಖಿ, "ಓಕೆ, ಓಕೆ, ಛೋಡಿಯೇ" ಎನ್ನುತ್ತಿದ್ದಳು. ಅತ್ತೆ ಪೂರ್ತಿ ಮುಗಿಸಿಯೇ ಎದ್ದರು. ಅವರ ನಂತರ ಆ ಸೀಟಿಗೆ ಬಂದವರು ಯಾರೋ, ಇಡೀ ವಿಮಾನದಲ್ಲಿ ಕೈ ಮುಟ್ಟಿ ಒರೆಸಿದ್ದ ಒಂದೇ ಜಾಗದಲ್ಲಿ ಕೂತರು.

ಟ್ಯಾಕ್ಸಿಯಲ್ಲಿ ಅತ್ತೆ ಪ್ಲಾಸ್ಟಿಕ್ ಚೀಲ ಹಾಸಿಕೊಂಡು ತುದಿಯಲ್ಲಿ ಕುಳಿತರು. ಮುಲುಂಡ್ ಆಯಿತು, ಐರೋಲಿಯ ಸೇತುವೆ ಆಯಿತು, ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಬಹಳ ಹೊತ್ತು ನಿಂತೆವು.

ಆಫೀಸಿನಿಂದ ಬಂದ ಇವರು ಬೂಟು ಬಿಚ್ಚುವ ಮೊದಲೇ, "ಹೇಗಿತ್ತಮ್ಮ ವಿಮಾನ?" ಎಂದರು.

"ಬಂದು ಮುಟ್ಟಿದೆವಲ್ಲ ಮಗಾ."

ಅಡುಗೆಮನೆಗೆ ಕರೆದು ನಾನೇ ಹೇಳಿದೆ. ಇವರು ಕೆಂಪಾದರು, ಕಂಪ್ಲೇಂಟು ಬರೆಯುತ್ತೇನೆ, ಬಿಡುವುದಿಲ್ಲ ಎಂದರು. ಮರುದಿನ ಬರೆದರು ಕೂಡ. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂದು ಉತ್ತರ ಬಂತು. ಅಮೂಲ್ಯವಾದ್ದರಿಂದಲೋ ಏನೋ, ವಿಮಾನದ ಕಂಪನಿಯವರು ಅದನ್ನು ಮುಟ್ಟದೆ ಹಾಗೇ ಇಟ್ಟುಕೊಂಡರು.

ಆ ಸಂಜೆಯೇ ಚಿಕ್ಕಮ್ಮನ ಫೋನು ಬಂತು. ಕಿವಿ ಮಂದವಾದ್ದರಿಂದ ಅವರು ಕೂಗಿ ಮಾತಾಡುತ್ತಿದ್ದರು, ನಮಗೆಲ್ಲ ಕೇಳುತ್ತಿತ್ತು.

"ರಾಣಿ ಮುಟ್ಟಿದಳಾ? ಮತ್ತೆ ಯಾವಾಗ ಹಾರುದು? ಚೌತಿಗೆ ಬರ್ತೀಯಲ್ಲ?"

"ಇಲ್ಲ ತಂಗಿ. ಇನ್ನು ನಾನು ಬರುದಿಲ್ಲ."

"ಯಾಕೆ? ವಿಮಾನ ಆಗ್ಲಿಲ್ಲವಾ?"

"ವಿಮಾನ ಒಳ್ಳೆದುಂಟು. ನನಗೇ ಆಗುದಿಲ್ಲ, ಪ್ರಾಯ ಆಯ್ತು."

ಇದು ನನಗೆ ಇವತ್ತಿಗೂ ಜೀರ್ಣವಾಗಿಲ್ಲ. ಗಲೀಜು ಮಾಡಿದವರು, ಗಲೀಜು ಬಿಟ್ಟವರು, ಅದನ್ನೇ ಟಿಕೆಟು ಹಾಕಿ ಮಾರಿದವರು ಎಲ್ಲರೂ ತಪ್ಪಿಸಿಕೊಂಡರು. ತಪ್ಪನ್ನು ಹೊತ್ತುಕೊಂಡದ್ದು ಅತ್ತೆಯ ಪ್ರಾಯ. ನಾವು ಆಮೇಲೆ ಎಷ್ಟೋ ಸಲ ಹೇಳಿ ನೋಡಿದೆವು, ಬೇರೆ ಕಂಪನಿಯ ವಿಮಾನ ಎಂದೆವು, ರೈಲು ಎಂದೆವು. ಅವರು ಕಟ್ಟಡದ ಗೇಟು ದಾಟಲು ಕೂಡ ಹಿಂಜರಿಯತೊಡಗಿದರು. ಅಕ್ಕತಂಗಿಯರು ಮತ್ತೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಚಿಕ್ಕಮ್ಮ ಹೋದ ಸುದ್ದಿಯೂ ಅದೇ ಫೋನಿನಲ್ಲಿ ಬಂತು.

ಆ ಸಂಜೆ ಫೋನು ಇಟ್ಟ ಮೇಲೆ ಊಟಕ್ಕೆ ಕುಳಿತೆವು. ಅನ್ನ, ಹೆಸರುಬೇಳೆಯ ತೋವೆ, ಕೆಳಗಿನ ಅಂಗಡಿಯಿಂದ ತಂದ ಮೊಸರು. ಅತ್ತೆ ಎರಡು ತುತ್ತು ಉಂಡು ಬಟ್ಟಲು ಪಕ್ಕಕ್ಕೆ ಸರಿಸಿದರು. ಎಲ್ಲರಿಗಿಂತ ಮೊದಲು ಮಲಗಿದ್ದೂ ಅವರೇ, ಗೋಡೆಯ ಕಡೆ ಮುಖ ಮಾಡಿ, ಮೈಯಡಿಗೆ ಹಳೆಯ ರಬ್ಬರ್ ಶೀಟು ಹಾಸಿಕೊಂಡು. ಆದರೆ ಮೊದಲು ನಿದ್ದೆ ಹೋದವರು ನನ್ನ ಗಂಡ.